ಒಂದು ಉದ್ದ ನೋಟ್‌ಬುಕ್, ಒಂದು ಪೆನ್ಸಿಲ್: ನಾಲ್ಕು-ಐದನೇ ಕ್ಲಾಸಿನಲ್ಲಿ ಮಗುವಿನ ವೇಗಕ್ಕೆ ತಕ್ಕ ಪಾಠ

ಮೂರನೇ ಕ್ಲಾಸು ಮುಗಿಸಿದ ಮಕ್ಕಳು ಜೂನ್‌ನಲ್ಲಿ ನಲಿ-ಕಲಿ ಕೋಣೆ ಬಿಟ್ಟು ಪಕ್ಕದ ಕೋಣೆಗೆ ಬರುತ್ತಾರೆ. ನಲಿ-ಕಲಿ ಅಂದರೆ ಒಂದರಿಂದ ಮೂರನೇ ಕ್ಲಾಸಿನವರೆಗೆ ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿಯುವ ಕ್ರಮ. ನಡುವೆ ಇರುವುದು ಒಂದೇ ಗೋಡೆ. ಆ ಕಡೆ ದುಂಡು ಮೇಜು, ಕಾರ್ಡು, ತಲೆಯ ಮೇಲೆ ಚಪ್ಪರದಲ್ಲಿ ತೂಗುವ ಚಿತ್ರ. ಈ ಕಡೆ ಸಾಲು ಬೆಂಚು, ಪಠ್ಯಪುಸ್ತಕ. ಆ ಕಡೆ ಒಬ್ಬೊಬ್ಬರೂ ಒಂದೊಂದು ಮೈಲಿಗಲ್ಲಿನಲ್ಲಿದ್ದರು. ಈ ಕಡೆ ಎಲ್ಲರೂ ಒಂದೇ ದಿನ ಒಂದೇ ಪುಟ ತೆರೆಯಬೇಕು.

ನಾನು ಈ ಕಡೆಯ ಕೋಣೆಯ ಮೇಷ್ಟ್ರು. ಎರಡೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರು ನಲಿ-ಕಲಿ ಮೇಡಂ ನೋಡಿಕೊಳ್ಳುತ್ತಾರೆ. ನಾಲ್ಕು, ಐದು ಎರಡೂ ನನ್ನವು, ಒಟ್ಟು 28 ಮಕ್ಕಳು. ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪಾಠ ಓದಿದೆ, ಪ್ರಶ್ನೋತ್ತರ ಬರೆಸಿದೆ. ಮುಂದಿನ ಬೆಂಚಿನ ಏಳೆಂಟು ಮಕ್ಕಳು ಉತ್ತರ ಹೇಳುತ್ತಿದ್ದರು. ಕ್ಲಾಸು ನಡೆಯುತ್ತಿದೆ ಅಂದುಕೊಂಡೆ. ದಸರಾ ರಜೆ ಮುಗಿದ ಮೇಲೆ ಒಂದು ದಿನ ಹಿಂದಿನ ಬೆಂಚಿನ ಹುಡುಗನ ಪುಸ್ತಕ ಕೈಗೆತ್ತಿಕೊಂಡೆ. ಅಕ್ಷರ ಮುತ್ತಿನಂತಿತ್ತು. ಅವನೇ ಬರೆದ ಸಾಲನ್ನು ಓದು ಅಂದೆ. ಓದಲು ಬರಲಿಲ್ಲ. ಬೋರ್ಡಿನಲ್ಲಿದ್ದ ಚಿತ್ರವನ್ನು ನಕಲು ಮಾಡಿದ ಹಾಗೆ ಐದು ತಿಂಗಳು ಅಕ್ಷರ ನಕಲು ಮಾಡಿದ್ದ.

ಆಮೇಲೆ ನಾನು ಕಟ್ಟಿಕೊಂಡ ಕ್ರಮ ಇದು. ದೊಡ್ಡ ಖರ್ಚಿಲ್ಲ, ಆ್ಯಪ್ ಬೇಡ. ನಿಮ್ಮ ತರಗತಿಗೆ ಬೇಕಾದ ಹಾಗೆ ತಿದ್ದಿಕೊಳ್ಳಿ.

ಡೇಟಾ ಯಾರಿಗೆ?

ನಮ್ಮ ಶಾಲೆಗಳಲ್ಲಿ ಡೇಟಾ ಅಂದರೆ ಮೇಲಕ್ಕೆ ಕಳಿಸುವ ವಸ್ತು. ಮಧ್ಯಾಹ್ನ ವಾಟ್ಸಾಪ್ ಗುಂಪಿನಲ್ಲಿ ಒಂದು ನಮೂನೆ ಬರುತ್ತದೆ, ಸಂಜೆಯೊಳಗೆ ತುಂಬಿ ಕಳಿಸಬೇಕು. ಕಳಿಸಿದರೆ ಮುಗಿಯಿತು. ಆ ಅಂಕಿ ಮತ್ತೆ ನಮ್ಮ ಕೋಣೆಗೆ ಬರುವುದಿಲ್ಲ.

ನಾನು ಹೇಳುತ್ತಿರುವುದು ಕೋಣೆಯೊಳಗೇ ಉಳಿಯುವ ಡೇಟಾ. ಅದಕ್ಕೆ ಒಂದೇ ಪರೀಕ್ಷೆ: ಈ ಗುರುತು ನೋಡಿ ನಾಳೆ ಬೆಳಿಗ್ಗೆ ನಾನು ಏನಾದರೂ ಬೇರೆ ಮಾಡುತ್ತೇನಾ? ಮಾಡುತ್ತೇನೆ ಅಂದರೆ ಬರೆಯಿರಿ. ಇಲ್ಲ ಅಂದರೆ ಸುಮ್ನೆ ಶಾಯಿ ಖರ್ಚು. '10ಕ್ಕೆ 6' ಅಂತ ಬರೆದರೆ ನಾಳೆ ಏನು ಮಾಡಬೇಕು ಅಂತ ಗೊತ್ತಾಗುತ್ತಾ? 'ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾಳೆ' ಅಂತ ಬರೆದರೆ ಗೊತ್ತಾಗುತ್ತದೆ.

ಈ ದಾರಿ ನಮಗೆ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾದಾಗ ಅದರ ಮೂಲ ಲೆಕ್ಕಾಚಾರವೇ ಇದಾಗಿತ್ತು. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ ಒಂದೇ ಕೋಣೆಯ ಹಳ್ಳಿ ಶಾಲೆಗಳಿಗಾಗಿ ಕಟ್ಟಿದ ಕಾರ್ಡು ಮತ್ತು ಏಣಿಯ (ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟಿ) ಕ್ರಮವನ್ನು ನೋಡಿ, ಇಲ್ಲಿನ ಶಿಕ್ಷಕರು ಕನ್ನಡಕ್ಕೆ ಹೊಂದುವಂತೆ ಕಲಿಕಾ ಏಣಿ, ಕಾರ್ಡು, ಪ್ರಗತಿ ನೋಟ ಮಾಡಿಕೊಂಡರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಆಇಈ ಬಿಟ್ಟು 'ರ ಗ ಸ ದ ಅ' ಅಂತ ಶುರು ಮಾಡಿದ್ದಕ್ಕೆ ನಕ್ಕವರಿದ್ದಾರೆ. ಆದರೆ ಆ ಐದೇ ಅಕ್ಷರದಲ್ಲಿ ಅರಸ, ಅಗಸ, ಸರ, ಗರಗಸ ಅಂತ ಮಗು ಮೊದಲ ವಾರಗಳಲ್ಲೇ ಪದ ಓದುತ್ತದೆ. ಮೂರನೇ ಕ್ಲಾಸಿಗೆ ಆ ಏಣಿ ನಿಂತುಬಿಡುತ್ತದೆ. ನಾಲ್ಕರಲ್ಲಿ ಅದನ್ನು ನಾವೇ ಮುಂದುವರಿಸಬೇಕು.

ಮೊದಲು ನೋಟ್‌ಬುಕ್

200 ಪುಟದ ಉದ್ದ ನೋಟ್‌ಬುಕ್ ತನ್ನಿ. ಮೊದಲ ಹಾಳೆಗಳನ್ನು ಅಡ್ಡ ತಿರುಗಿಸಿ ಗೆರೆ ಎಳೆಯಿರಿ. ಎಡಕ್ಕೆ ಹೆಸರು, ಮೇಲೆ ಕೌಶಲ. ಕೌಶಲಗಳು ಕನ್ನಡಕ್ಕೆ ಏಳೆಂಟು, ಗಣಿತಕ್ಕೆ ಏಳೆಂಟು ಸಾಕು. ನಾನು ಮೊದಲ ಸಲ 34 ಕಾಲಂ ಹಾಕಿದ್ದೆ. ಜುಲೈ ಮುಗಿಯುವಷ್ಟರಲ್ಲಿ ಕೈಬಿಟ್ಟೆ.

ಕನ್ನಡಕ್ಕೆ ನನ್ನ ಕಾಲಂಗಳು ಹೀಗಿವೆ: ಮೂಲಾಕ್ಷರ, ಕಾಗುಣಿತ, ಸರಳ ಪದ, ಒತ್ತಕ್ಷರದ ಪದ, ನಾಲ್ಕು ಸಾಲಿನ ಓದು, ಕಥೆ ಓದಿ ಹೇಳುವುದು, ಉಕ್ತಲೇಖನ, ಸ್ವಂತ ವಾಕ್ಯ. ಗಣಿತಕ್ಕೆ: 99ರವರೆಗೆ ಸಂಖ್ಯೆ, 999ರವರೆಗೆ, ದಶಕ ಸಹಿತ ಕೂಡುವುದು, ದಶಕ ಸಹಿತ ಕಳೆಯುವುದು, ಗುಣಾಕಾರದ ಅರ್ಥ, ಮಗ್ಗಿ, ಭಾಗಾಕಾರ, ಬಾಯಿಲೆಕ್ಕ.

ಅದರ ಹಿಂದೆ ಪ್ರತಿ ಮಗುವಿಗೂ ಎರಡು ಪುಟ ಬಿಡಿ. ಮಗುವಿನ ಮಾತು, ಮಾಡಿದ ತಪ್ಪು, ದಿನಾಂಕ, ಎಲ್ಲ ಅಲ್ಲಿಗೆ. ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನಲ್ಲಿ ಬರೆದದ್ದು ತೀರ್ಪಿನ ಹಾಗೆ ಕೂತುಬಿಡುತ್ತದೆ.

ಮೊದಲ ವಾರ: ಒಬ್ಬೊಬ್ಬರನ್ನೇ ಕೂರಿಸಿ ಓದಿಸಿ

ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ಕ್ಲಾಸಿನದ್ದನ್ನು ಗಟ್ಟಿ ಮಾಡಿಸುವ ಮೊದಲ ದಿನಗಳ ಪಾಠ, ಹೇಗೂ ಇದೆ. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ನೋಡುವ ನೈದಾನಿಕ ಪರೀಕ್ಷೆ ಮಾಡಲೇಬೇಕು. ಹೆಚ್ಚಿನ ಕಡೆ ಅದನ್ನು ಬೋರ್ಡಿನ ಮೇಲೆ ಪ್ರಶ್ನೆ ಬರೆದು ಎಲ್ಲರಿಗೂ ಒಟ್ಟಿಗೆ ಮಾಡಿ ಮುಗಿಸುತ್ತಾರೆ. ಓದಲು ಬಾರದ ಮಗುವಿಗೆ ಓದಿ ಬರೆಯುವ ಪರೀಕ್ಷೆ ಕೊಟ್ಟರೆ ಅದು ಪಕ್ಕದವರದ್ದು ನೋಡಿ ಬರೆಯುತ್ತದೆ, ಅಷ್ಟೆ. ಅದರ ಜೊತೆಗೆ ಬಾಯಿಯ ಪರೀಕ್ಷೆಯನ್ನೂ ಇಟ್ಟುಕೊಳ್ಳಿ.

ದಿನಕ್ಕೆ ಆರು ಮಕ್ಕಳು, ಒಬ್ಬರಿಗೆ ಮೂರು ನಿಮಿಷ. 28 ಮಕ್ಕಳು ಐದು ದಿನದಲ್ಲಿ ಮುಗಿಯುತ್ತಾರೆ. ಉಳಿದವರಿಗೆ ಚಿತ್ರ ಬರೆಯುವ ಕೆಲಸ ಕೊಡಿ. ಜಗಲಿಯಲ್ಲಿ, ಬೇರೆ ಮಕ್ಕಳ ಕಿವಿಗೆ ಬೀಳದ ಕಡೆ ಕೂರಿ. ಎದುರು ಕೂರಬೇಡಿ, ಪಕ್ಕದಲ್ಲಿ ಕೂರಿ.

ಒಂದು ರಟ್ಟಿನ ಮೇಲೆ ನಾಲ್ಕು ಭಾಗ ಬರೆದಿಟ್ಟುಕೊಳ್ಳಿ: ಹತ್ತು ಅಕ್ಷರ, ಹತ್ತು ಸರಳ ಪದ, ನಾಲ್ಕು ಸುಲಭ ವಾಕ್ಯ, ಎಂಟು ಹತ್ತು ಸಾಲಿನ ಕಥೆ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯವರು ಮಕ್ಕಳ ಓದು ನೋಡುವುದು ಸುಮಾರು ಇದೇ ರೀತಿ. ಅವರದ್ದೊಂದು ಜಾಣತನ ನನಗೆ ಇಷ್ಟ. ಕೆಳಗಿನಿಂದ ಶುರು ಮಾಡುವುದಿಲ್ಲ, ನಡುವಿನ ವಾಕ್ಯಗಳಿಂದ ಶುರು ಮಾಡುತ್ತಾರೆ. ಓದಿದರೆ ಕಥೆಗೆ, ತಡವರಿಸಿದರೆ ಪದಕ್ಕೆ, ಅದೂ ಆಗದಿದ್ದರೆ ಅಕ್ಷರಕ್ಕೆ. ಐದು ಪದದಲ್ಲಿ ನಾಲ್ಕು ಸರಿಯಾದರೆ ಪದ ಬಂತು ಅಂತ ಲೆಕ್ಕ. ಸಮಯವೂ ಉಳಿಯುತ್ತದೆ, ಚೆನ್ನಾಗಿ ಓದುವ ಮಗುವಿಗೆ ಅವಮಾನವೂ ಆಗುವುದಿಲ್ಲ.

ಓದುವಾಗ ತಿದ್ದಬೇಡಿ. ತುಂಬಾ ಕಷ್ಟ, ಗೊತ್ತು. ಮೇಷ್ಟ್ರ ಬಾಯಿ ತಾನಾಗಿ ತಿದ್ದುತ್ತದೆ. ಮೂರು ನಿಮಿಷ ಸುಮ್ಮನಿದ್ದು ಏನು ತಪ್ಪಾಯಿತು ಅಂತ ಬರೆಯಿರಿ.

ಎಷ್ಟು ತಪ್ಪು ಅನ್ನುವುದಕ್ಕಿಂತ ಎಂಥ ತಪ್ಪು ಅನ್ನುವುದು ಮುಖ್ಯ. ಕನ್ನಡದಲ್ಲಿ ಮಕ್ಕಳು ಎಡವುವ ಜಾಗಗಳು ಹೆಚ್ಚು ಕಮ್ಮಿ ಎಲ್ಲ ಕಡೆ ಅವೇ. 'ಮ' ಮತ್ತು 'ವು' ಕಣ್ಣಿಗೆ ಒಂದೇ ಥರ ಕಾಣುತ್ತವೆ. 'ದ', 'ಧ', 'ಥ' ನಡುವೆ ಒಂದು ಸೀಳು, ಒಂದು ಚುಕ್ಕೆ ಅಷ್ಟೇ ವ್ಯತ್ಯಾಸ. ದೀರ್ಘ ಬಿಟ್ಟು ಓದುವುದು ಇನ್ನೊಂದು. ಎಲ್ಲಕ್ಕಿಂತ ತಲೆನೋವು ಅರ್ಕಾವೊತ್ತು. 'ಸೂರ್ಯ'ವನ್ನು 'ಸೂಯರ್' ಅಂತ ಓದುವ ಮಗುವನ್ನು ಬಯ್ಯಬೇಡಿ. ಆ ಗುರುತು ಇರುವುದೇ 'ಯ' ಆದಮೇಲೆ, ಉಚ್ಚಾರ ಮಾತ್ರ ಮೊದಲು. ಮಗು ಕಣ್ಣಿಗೆ ಕಂಡ ಕ್ರಮದಲ್ಲಿ ಓದಿತು. ಅದರ ಬುದ್ಧಿ ಸರಿಯಾಗೇ ಕೆಲಸ ಮಾಡುತ್ತಿದೆ, ಒಂದು ನಿಯಮ ಮಾತ್ರ ಗೊತ್ತಿಲ್ಲ. ಎರಡು ದಿನ 'ಸೂರ್ಯ, ಕಾರ್ಯ, ಮಾರ್ಗ, ವರ್ಷ' ಅಂತ ಬರೀ ಅದನ್ನೇ ಆಡಿಸಿದರೆ ಸರಿಹೋಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಮನೆಯ ಮಾತನ್ನು ಓದಿನ ತಪ್ಪು ಅಂತ ಬರೆಯಬೇಡಿ. ನಮ್ಮ ಕಡೆ ಅನೇಕ ಮಕ್ಕಳು 'ಹಾಲು' ಅಂತ ಬರೆದದ್ದನ್ನು 'ಆಲು' ಅನ್ನುತ್ತಾರೆ. ಅನುಮಾನ ಬಂದರೆ 'ಹಾಲು', 'ಆಲ' ಎರಡನ್ನೂ ಬರೆದು 'ನಾವು ಕುಡಿಯೋದು ಯಾವುದು, ಮರ ಯಾವುದು ತೋರಿಸು' ಅನ್ನಿ. ಸರಿಯಾಗಿ ತೋರಿಸಿದರೆ ಓದು ಬಂದಿದೆ, ನಾಲಿಗೆ ಮಾತ್ರ ಊರಿನದು. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ, ತುಳು ಆಡುವ ಮಕ್ಕಳಿದ್ದರೆ ಇನ್ನೂ ಜೋಪಾನ. ಆ ಮಗುವಿಗೆ ಅಕ್ಷರ ಬಂದು ಪದದ ಅರ್ಥ ಬಾರದೇ ಇರಬಹುದು. ಆ ಎರಡಕ್ಕೂ ಮದ್ದು ಬೇರೆ ಬೇರೆ. ಹಾಗಾಗಿ ಕಥೆ ಓದಿಸಿದ ಮೇಲೆ ಒಂದು ಪ್ರಶ್ನೆ ಕೇಳಿ, ಉತ್ತರ ಯಾವ ಭಾಷೆಯಲ್ಲಿ ಹೇಳಿದರೂ ಸರಿ.

ಲೆಕ್ಕ: ಗುಟ್ಟು ಇರುವುದು ಸಂಖ್ಯೆ ಆರಿಸುವುದರಲ್ಲಿ

ಗಣಿತಕ್ಕೆ ಒಂದು ಸಣ್ಣ ಚೀಟಿ ಸಾಕು, ಐದೇ ಲೆಕ್ಕ. ಆದರೆ ಆ ಐದು ಲೆಕ್ಕವನ್ನು ಯೋಚಿಸಿ ಆರಿಸಿ. ಇದನ್ನು ನಾನು ತಡವಾಗಿ ಕಲಿತೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಶಕ ತೆಗೆದುಕೊಂಡು ಕಳೆಯುವುದು ಬರುತ್ತದಾ ನೋಡಬೇಕು. 52ರಲ್ಲಿ 27 ಕಳೆ ಅಂತ ಕೊಟ್ಟೆ. ಹತ್ತಾರು ಮಕ್ಕಳು 35 ಬರೆದರು. ಎಲ್ಲರದೂ ಒಂದೇ ತಪ್ಪು ಅಂದುಕೊಂಡು ಎಲ್ಲರಿಗೂ ಒಂದೇ ಪಾಠ ಮಾಡಿದೆ. ಅರ್ಧ ಮಕ್ಕಳಿಗೆ ಪ್ರಯೋಜನವಾಯಿತು, ಉಳಿದರ್ಧಕ್ಕೆ ಏನೂ ಆಗಲಿಲ್ಲ. ಯಾಕೆ ಅಂತ ಒಬ್ಬಳನ್ನು ಕೂರಿಸಿ ಮಾಡಿಸಿದಾಗ ಗೊತ್ತಾಯಿತು. ಅವಳು ದಶಕ ತೆಗೆದುಕೊಂಡಿದ್ದಳು, 12ರಲ್ಲಿ 7 ಹೋದರೆ 5 ಅಂತ ಸರಿಯಾಗೇ ಬರೆದಿದ್ದಳು. ಆಮೇಲೆ 5 ಅನ್ನು 4 ಮಾಡುವುದು ಮರೆತಿದ್ದಳು. ಪಕ್ಕದ ಹುಡುಗ ದಶಕದ ಗೋಜಿಗೇ ಹೋಗಿರಲಿಲ್ಲ. 2ರಲ್ಲಿ 7 ಹೋಗಲ್ಲ, ಸರಿ, 7ರಲ್ಲಿ 2 ಕಳೆಯೋಣ ಅಂದುಕೊಂಡಿದ್ದ. ಅವನಿಗೂ 5 ಬಂತು. ಎರಡು ಬೇರೆ ರೋಗ, ಒಂದೇ ಉತ್ತರ!

ತಪ್ಪು ನನ್ನ ಸಂಖ್ಯೆಯದ್ದು. ಬಿಡಿ ಸ್ಥಾನದ ಎರಡು ಅಂಕಿಗಳ ನಡುವೆ ವ್ಯತ್ಯಾಸ 5 ಇದ್ದರೆ ಹೀಗಾಗುತ್ತದೆ. ಬದಲಿಗೆ 53ರಲ್ಲಿ 27 ಕಳೆ ಅಂತ ಕೊಡಿ. ಈಗ ಉತ್ತರ ತಾನೇ ಕಥೆ ಹೇಳುತ್ತದೆ:

26: ಸರಿ.
34: ದೊಡ್ಡದರಲ್ಲಿ ಚಿಕ್ಕದು ಕಳೆದಿದೆ. ದಶಕದ ಕಲ್ಪನೆಯೇ ಇಲ್ಲ. ಕಡ್ಡಿಯ ಕಟ್ಟು ಬಿಚ್ಚಿಸಬೇಕು.
36: ದಶಕ ತೆಗೆದುಕೊಂಡಿದೆ, ಕಡಿಮೆ ಮಾಡಲು ಮರೆತಿದೆ. ಎರಡು ದಿನದ ಕೆಲಸ.
80: ಕೂಡಿಬಿಟ್ಟಿದೆ. ಚಿಹ್ನೆ ನೋಡಿಲ್ಲ.
25 ಅಥವಾ 27: ಬೆರಳು ಎಣಿಸಿದೆ, ಶುರು ಎಲ್ಲಿಂದ ಅನ್ನುವುದರಲ್ಲಿ ಒಂದು ಹೆಚ್ಚು ಕಮ್ಮಿ.

ಎರಡನೇ ಲೆಕ್ಕಕ್ಕೆ ಸೊನ್ನೆ ಇರಲಿ. 40ರಲ್ಲಿ 18. ಸರಿ ಉತ್ತರ 22. 38 ಬರೆದವರು ತಿರುಗಿಸಿ ಕಳೆದವರು. 32 ಬರೆದವರು ಮರೆತವರು. 30 ಬರೆದವರು 'ಸೊನ್ನೆಯಲ್ಲಿ 8 ಹೋಗಲ್ಲ, ಅದಕ್ಕೆ ಸೊನ್ನೆ' ಅಂದುಕೊಂಡವರು.

ಮೂರನೆಯದು ಹೇಳಿ ಬರೆಸುವುದು. 'ನೂರ ಐದು' ಅನ್ನಿ. 1005 ಅಂತ ಬರೆಯುವ ಮಗು ಐದನೇ ಕ್ಲಾಸಿನಲ್ಲೂ ಸಿಗುತ್ತದೆ. ಕಿವಿಗೆ 'ನೂರ', 'ಐದು' ಎರಡು ಕೇಳಿಸಿತು, ಎರಡನ್ನೂ ಬರೆಯಿತು. ಆ ಮಗುವಿಗೆ ಮೂರಂಕಿಯ ಗುಣಾಕಾರ ಮಾಡಿಸಿ ಏನು ಫಲ? ಮೊದಲು ಸ್ಥಾನಬೆಲೆ. ನಾಲ್ಕನೆಯದು ಒಂದು ಗುಣಾಕಾರ, ಐದನೆಯದು ಬಾಯಲ್ಲಿ ಹೇಳುವ ಅಂಗಡಿ ಲೆಕ್ಕ. ಅಂಗಡಿ ಲೆಕ್ಕವನ್ನು ಥಟ್ ಅಂತ ಹೇಳಿ, ಅದನ್ನೇ ಬರೆದು ಮಾಡಲಾಗದ ಮಕ್ಕಳು ಸಂತೆಗೆ ಹೋಗುವ ಮನೆಯವರು. ಆ ಮಕ್ಕಳ ಪುಟದಲ್ಲಿ ಇದನ್ನು ತಪ್ಪದೆ ಬರೆದುಕೊಳ್ಳಿ. ಪಾಠ ಅಲ್ಲಿಂದಲೇ ಶುರು ಮಾಡಬಹುದು.

ಗುಂಪು ಮಾಡುವಾಗ

ವಾರದ ಕೊನೆಗೆ ಪಟ್ಟಿ ನೋಡಿ. 28 ಮಕ್ಕಳಿಗೆ 28 ಪಾಠ ಮಾಡಲು ಯಾರಿಂದಲೂ ಆಗದು. ಮುಂದೆ ಒಂದೇ ವಿಷಯ ಬೇಕಾದವರನ್ನು ಒಟ್ಟಿಗೆ ಕೂರಿಸಿ. ಮೂರು ಗುಂಪು ಸಾಕು, ನಾಲ್ಕು ಗರಿಷ್ಠ. ನಾಲ್ಕನೇ ಕ್ಲಾಸು, ಐದನೇ ಕ್ಲಾಸು ಅನ್ನುವ ಗೆರೆ ಇಲ್ಲಿ ಬೇಡ. ನಾಲ್ಕು, ಐದನೇ ಕ್ಲಾಸಿಗೆ ಬಂದ 'ಓದು ಕರ್ನಾಟಕ' ಅನ್ನುವ ಓದಿನ ಕಾರ್ಯಕ್ರಮದಲ್ಲೂ ಹೀಗೇ ಮಟ್ಟ ನೋಡಿ ಗುಂಪು ಮಾಡುತ್ತಿದ್ದುದು.

ಹೆಸರಿನ ವಿಷಯಕ್ಕೆ ಬಂದರೆ, ನಾನು ಜಾಣನಂತೆ ಹೊಂಗೆ, ಬೇವು, ಮಾವು ಅಂತ ಇಟ್ಟೆ. ಒಂದು ವಾರ ಆಗಿತ್ತು, ಒಬ್ಬ ಹುಡುಗಿ ಕೇಳಿದಳು, 'ಬೇವು ಅಂದ್ರೆ ಓದೋಕೆ ಬರ್ದೇ ಇರೋರು ಅಲ್ವಾ ಸಾರ್?' ಮಕ್ಕಳಿಗೆ ಮೋಸ ಮಾಡಲು ಆಗುವುದಿಲ್ಲ. ಹೆಸರಿನಿಂದ ಏನೂ ಮುಚ್ಚುವುದಿಲ್ಲ, ಗುಂಪು ಅಲುಗಾಡುತ್ತಿದ್ದರೆ ಮಾತ್ರ ಕಳಂಕ ಅಂಟುವುದಿಲ್ಲ. ಕನ್ನಡಕ್ಕೆ ಒಂದು ಗುಂಪು, ಗಣಿತಕ್ಕೆ ಬೇರೆ ಗುಂಪು. ಎರಡು ವಾರಕ್ಕೊಮ್ಮೆ ಮತ್ತೆ ನೋಡಿ ಬದಲಿಸುವುದು. ವಾರಕ್ಕೆ ಒಂದು ದಿನ ಎಲ್ಲ ಕಲಸಿ ಕೂರಿಸುವುದು.

ನಲಿ-ಕಲಿಯ ಐದು ತಟ್ಟೆಗಳನ್ನು, ಅಂದರೆ ಮಕ್ಕಳು ಕೂರುವ ಐದು ಗುಂಪುಗಳನ್ನು, ನೆನಪಿಸಿಕೊಳ್ಳಿ. ಮೊದಲನೆಯದು ಶಿಕ್ಷಕರ ಪೂರ್ತಿ ಸಹಾಯ ಬೇಕಾದವರಿಗೆ, ಎರಡನೆಯದು ಶಿಕ್ಷಕರ ಸ್ವಲ್ಪ ಸಹಾಯ, ಮೂರು ಮತ್ತು ನಾಲ್ಕು ಸಹಪಾಠಿಗಳ ಸಹಾಯ, ಐದನೆಯದು ಸ್ವಕಲಿಕೆ. ಇಲ್ಲಿ ಜಾಣ, ದಡ್ಡ ಅನ್ನುವ ಮಾತೇ ಇಲ್ಲ. ಇವತ್ತು ಈ ಕೆಲಸಕ್ಕೆ ಎಷ್ಟು ಸಹಾಯ ಬೇಕು ಅನ್ನುವುದಷ್ಟೇ. ಹೊಸ ಕಾರ್ಡು ಬಂದಾಗ ಚುರುಕಾದ ಮಗುವೂ ಒಂದನೇ ತಟ್ಟೆಗೆ ಬರುತ್ತದೆ. ಆ ಯೋಚನೆಯನ್ನು ನಾಲ್ಕನೇ ಕ್ಲಾಸಿಗೂ ತಂದುಕೊಳ್ಳಿ. ಪಕ್ಕದ ಕೋಣೆಯ ಮೇಡಂ ಹತ್ತಿರ ಒಂದು ಸಂಜೆ ಕೂತರೆ ನಿಮಗೆ ಯಾವ ತರಬೇತಿಯೂ ಬೇಡ.

40 ನಿಮಿಷ ಹೇಗೆ ಹಂಚುವುದು

ಮೊದಲ 10 ನಿಮಿಷ ಎಲ್ಲರೂ ಒಟ್ಟಿಗೆ. ಆಮೇಲೆ 25 ನಿಮಿಷ ಗುಂಪು. ಕೊನೆಯ 5 ನಿಮಿಷ ನೋಟ್‌ಬುಕ್ ಮತ್ತು ಮುಕ್ತಾಯದ ಮಾತು.

'ಸಿಲೆಬಸ್ ಮುಗಿಸೋದು ಯಾವಾಗ?' ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 24 ಶಿಕ್ಷಕರ ಕರ್ತವ್ಯ ಹೇಳುತ್ತದೆ. ನಿಗದಿತ ಸಮಯದಲ್ಲಿ ಪೂರ್ತಿ ಪಠ್ಯಕ್ರಮ ಮುಗಿಸಬೇಕು ಅನ್ನುವುದೂ ಅಲ್ಲಿದೆ. ಅದರ ಮುಂದಿನ ಸಾಲಲ್ಲೇ, ಪ್ರತಿ ಮಗುವಿನ ಕಲಿಕೆಯ ಸಾಮರ್ಥ್ಯ ನೋಡಿ ಬೇಕಾದ ಹೆಚ್ಚುವರಿ ಪಾಠ ಕೊಡಬೇಕು ಅನ್ನುವುದೂ ಇದೆ. ಎರಡನ್ನೂ ಹೇಗೆ ಮಾಡುವುದು ಅಂತ ಕಾಯ್ದೆ ಹೇಳುವುದಿಲ್ಲ, ಅದು ನಮ್ಮ ತಲೆಗೆ ಬಿಟ್ಟದ್ದು.

ನನ್ನ ದಾರಿ ಹೀಗೆ: ಪಠ್ಯಪುಸ್ತಕ ಕಿವಿಗೆ, ಗುಂಪಿನ ಕೆಲಸ ಕಣ್ಣು-ಕೈಗೆ. ಪಾಠವನ್ನು ಎಲ್ಲರಿಗೂ ಕಥೆಯಂತೆ ಓದಿ ಹೇಳುತ್ತೇನೆ, ಚರ್ಚೆ ಮಾಡುತ್ತೇನೆ. ಒತ್ತಕ್ಷರ ಬಾರದ ಮಗುವಿಗೂ ನಾಲ್ಕನೇ ಕ್ಲಾಸಿನ ಕಥೆ ಅರ್ಥ ಮಾಡಿಕೊಳ್ಳುವ ತಲೆ ಇದೆ. ಅದನ್ನು ಒಂದನೇ ಕ್ಲಾಸಿನ ಪುಸ್ತಕದ ಮುಂದೆ ವರ್ಷಗಟ್ಟಲೆ ಕೂರಿಸಿದರೆ ಬೇಜಾರಾಗದೆ ಇನ್ನೇನು? ಓದುವ ಕೌಶಲ ಮಾತ್ರ ಅದರ ಮಟ್ಟದಿಂದ, ಅದರ ವೇಗದಲ್ಲಿ.

ಗುಂಪಿನ ಸಮಯ ಹಾಳಾಗುವುದು ನಾನು ಕೂತ ಗುಂಪಿನಲ್ಲಿ ಅಲ್ಲ. ಉಳಿದ ಎರಡು ಗುಂಪಿಗೆ ಕೆಲಸ ಇಲ್ಲದಾಗ. ಅವರಿಗೆ ಕೊಡುವ ಕೆಲಸ ಈಗಾಗಲೇ ಬರುವಂಥದ್ದಾಗಿರಬೇಕು. ಹೊಸದನ್ನು ನಾನಿಲ್ಲದೆ ಕೊಟ್ಟರೆ ಐದೇ ನಿಮಿಷದಲ್ಲಿ 'ಸಾರ್, ಸಾರ್' ಶುರು. ನನ್ನ ಬೀರುವಿನಲ್ಲಿ ಮೂರು ಡಬ್ಬಿ ಇವೆ. ಒಂದರಲ್ಲಿ ಪದದ ಚೀಟಿಗಳು, ಜೋಡಿಯಾಗಿ ಕೂತು ಒಬ್ಬರು ಓದುವುದು, ಇನ್ನೊಬ್ಬರು ಬರೆಯುವುದು. ಇನ್ನೊಂದರಲ್ಲಿ ಲೆಕ್ಕದ ಚೀಟಿ, ಹಿಂಬದಿಯಲ್ಲಿ ಉತ್ತರ. ಮೂರನೆಯದು ಗ್ರಂಥಾಲಯದ ಸಣ್ಣ ಕಥೆ ಪುಸ್ತಕಗಳು. ಲೆಕ್ಕ ಕಲಿಸುವ ಸಾಮಗ್ರಿ ಇರುವ ಗಣಿತ ಕಲಿಕಾ ಆಂದೋಲನದ ಕಿಟ್ ನಿಮ್ಮ ಶಾಲೆಯಲ್ಲಿದ್ದರೆ ಬೀಗ ತೆಗೆಯಿರಿ. ಕಳೆದುಹೋದರೆ ಲೆಕ್ಕ ಕೊಡಬೇಕು ಅನ್ನುವ ಭಯಕ್ಕೆ ಎಷ್ಟು ಕಡೆ ಅದು ಪ್ಯಾಕಿಂಗ್ ಸಮೇತ ಕೂತಿದೆಯೋ! ಕಿಟ್ ಇಲ್ಲದಿದ್ದರೆ ಹುಣಸೆ ಬೀಜ, ಹತ್ತು ಹತ್ತರ ಕಡ್ಡಿ ಕಟ್ಟು, ರಬ್ಬರ್ ಬ್ಯಾಂಡು.

ಮುಂದಿನ ಮೆಟ್ಟಿಲಿಗೆ ಯಾವಾಗ

ಗುರುತು ಮೂರೇ ಇರಲಿ. ಓರೆ ಗೆರೆ ಅಂದರೆ ಶುರು ಮಾಡಿದೆ. ಅದರ ಮೇಲೆ ಇನ್ನೊಂದು ಗೆರೆ ಎಳೆದು ಕತ್ತರಿ ಮಾಡಿದರೆ, ಸಹಾಯ ಇದ್ದರೆ ಮಾಡುತ್ತದೆ. ಸುತ್ತ ಸೊನ್ನೆ ಹಾಕಿದರೆ ತಾನೇ ಮಾಡುತ್ತದೆ.

ಸೊನ್ನೆ ಹಾಕುವ ಮೊದಲು ಮೂರು ಬೇರೆ ದಿನ ನೋಡಿ, ಮೂರು ಬೇರೆ ಲೆಕ್ಕದಲ್ಲಿ ಅಥವಾ ಮೂರು ಬೇರೆ ಓದಿನಲ್ಲಿ. ಕಲಿಸಿದ ದಿನವೇ ಎಲ್ಲರಿಗೂ ಬರುತ್ತದೆ. ಸೋಮವಾರ ಬಂದದ್ದು ಗುರುವಾರವೂ ಇದೆಯಾ ಅನ್ನುವುದೇ ಪ್ರಶ್ನೆ. ದಸರಾ ರಜೆಯ ನಂತರ ಎಲ್ಲ ಸೊನ್ನೆಗಳನ್ನೂ ಮತ್ತೊಮ್ಮೆ ನೋಡಿ. ಕೆಲವು ಅಳಿಸಬೇಕಾಗುತ್ತದೆ. ಪೆನ್ಸಿಲ್ ಹಿಡಿಸಿದ್ದು ಇದಕ್ಕೇ.

ದಿನಾ ಎಲ್ಲರದೂ ಬರೆಯಲು ಹೋಗಬೇಡಿ. ದಿನಕ್ಕೆ ಐದಾರು ಮಕ್ಕಳು, ಮೊದಲೇ ಹೆಸರು ಗುರುತು ಮಾಡಿಕೊಂಡು. ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ತುಂಬಾ ಜಾಣರ ಪುಟವೂ ತುಂಬುತ್ತದೆ, ತುಂಬಾ ತುಂಟರ ಪುಟವೂ ತುಂಬುತ್ತದೆ. ನಡುವೆ ಸುಮ್ಮನೆ ಕೂರುವ ಎಂಟು ಹತ್ತು ಮಕ್ಕಳ ಪುಟ ಖಾಲಿ. ಖಾಲಿ ಪುಟವೂ ಡೇಟಾನೇ. ಅದು ಮಗುವಿನ ಬಗ್ಗೆ ಅಲ್ಲ, ನನ್ನ ಬಗ್ಗೆ.

ಮೂರು ವಾರವಾದರೂ ಒಂದೇ ಕಡೆ ನಿಂತ ಮಗು

ಅದೇ ಕೆಲಸವನ್ನು ಇನ್ನಷ್ಟು ನಿಧಾನವಾಗಿ ಮಾಡಿಸುವುದು ಮದ್ದಲ್ಲ. ಮೊದಲು ಹಾಜರಾತಿ ನೋಡಿ. ನಾನು ಓದಿನ ಪಟ್ಟಿಯ ಪಕ್ಕದಲ್ಲೇ ತಿಂಗಳ ಗೈರುಹಾಜರಿ ಬರೆಯುತ್ತೇನೆ. ನಿಂತ ಮಕ್ಕಳಲ್ಲಿ ಜಾಸ್ತಿ ಜನ ಶಾಲೆಯಲ್ಲೇ ಇರಲಿಲ್ಲ ಅಂತ ಗೊತ್ತಾಗುತ್ತದೆ. ಕಬ್ಬು ಕಡಿಯಲು, ಕಾಫಿ ಹಣ್ಣು ಕೀಳಲು, ಕಟ್ಟಡದ ಕೆಲಸಕ್ಕೆ ಅಂತ ಅಪ್ಪ ಅಮ್ಮನ ಜೊತೆ ಹೋಗಿ ತಿಂಗಳು ಬಿಟ್ಟು ಬರುವ ಮಕ್ಕಳು ಕಲ್ಯಾಣ ಕರ್ನಾಟಕದ ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ನೋಟ್‌ಬುಕ್ ಇದ್ದರೆ ಆ ಮಗು ಬಂದ ದಿನ ಬಿಟ್ಟ ಜಾಗದಿಂದ ಶುರು ಮಾಡಬಹುದು. ಕ್ಲಾಸು ಮುಂದೆ ಹೋಗಿದೆ ಅಂತ ಅದನ್ನು ಎಳೆಯುವ ಹಾಗಿಲ್ಲ.

ಆಮೇಲೆ ಕಣ್ಣು, ಕಿವಿ. ಬೋರ್ಡಿನದ್ದು ತಪ್ಪು ಬರೆದು ಪುಸ್ತಕದ್ದು ಸರಿ ಬರೆಯುತ್ತದಾ? ಹಿಂದಿನಿಂದ ಕರೆದರೆ ತಿರುಗುತ್ತದಾ? ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಆರೋಗ್ಯ ತಂಡಕ್ಕೆ ಈ ಮಕ್ಕಳ ಪಟ್ಟಿ ಮೊದಲೇ ಬರೆದು ಕೊಡಿ. ನನ್ನ ತರಗತಿಯಲ್ಲಿ 'ನಿಧಾನ' ಅಂತ ಎರಡು ವರ್ಷ ಬರೆಸಿಕೊಂಡ ಹುಡುಗಿಗೆ ಕನ್ನಡಕ ಬಂದ ಮೇಲೆ ಓದು ಓಡಿತು.

ಇವೆರಡೂ ಅಲ್ಲ ಅಂದರೆ ದಾರಿ ಬದಲಿಸಿ. ಬೋರ್ಡಿನಲ್ಲಿ ಹೇಳಿದ್ದನ್ನು ಕಡ್ಡಿಯಲ್ಲಿ, ಕಡ್ಡಿಯಲ್ಲಿ ಹೇಳಿದ್ದನ್ನು ಸಹಪಾಠಿಯ ಬಾಯಲ್ಲಿ. ಒಂದು ಮೆಟ್ಟಿಲು ಕೆಳಗೆ ಇಳಿದು ನೋಡಿ. ಕಳೆಯುವುದು ಬಾರದ ಮಗುವಿಗೆ ಬಹಳ ಸಲ ಬೇಕಿರುವುದು ಹತ್ತರ ಕಟ್ಟು.

ಮುಂದೆ ಓಡುವ ಮಗು

ಈ ಮಗುವಿಗೆ ನಾವು ಮಾಡುವ ಅನ್ಯಾಯ ಎರಡು. ಬೇಗ ಮುಗಿಸಿದರೆ ಅಂಥವೇ ಇನ್ನೂ ಹತ್ತು ಲೆಕ್ಕ. ಬೇಗ ಮುಗಿಸುವುದಕ್ಕೆ ಶಿಕ್ಷೆ ಅಂತ ಅದಕ್ಕೆ ತಿಳಿದುಹೋಗುತ್ತದೆ, ಮಾರನೇ ದಿನದಿಂದ ನಿಧಾನ ಮಾಡುತ್ತದೆ. ಇಲ್ಲವೇ ದಿನವೂ ಅದನ್ನು ಪುಟ್ಟ ಮೇಷ್ಟ್ರು ಮಾಡಿ ಬೇರೆಯವರಿಗೆ ಹೇಳಿಕೊಡಲು ಬಿಡುತ್ತೇವೆ. ವಾರಕ್ಕೆ ಎರಡು ಸಲ ಸರಿ. ದಿನಾ ಮಾಡಿಸಿದರೆ ಅದರ ಕಲಿಕೆ ಯಾವಾಗ?

ಉತ್ತರ ಕೊಟ್ಟು ಲೆಕ್ಕ ಮಾಡಿಸಿ. 'ಉತ್ತರ 26 ಬರುವ ಐದು ಕಳೆಯುವ ಲೆಕ್ಕ ಬರೆ, ಎರಡರಲ್ಲಿ ದಶಕ ಬರಬೇಕು.' ಅಜ್ಜಿಯಿಂದ ಕೇಳಿದ ಕಥೆಯನ್ನು ಬರೆದು ತರಲಿ. ಅದನ್ನೇ ಕೆಳಗಿನ ಗುಂಪಿನ ಓದಿಗೆ ಚೀಟಿ ಮಾಡಬಹುದು. ನಮ್ಮಲ್ಲಿ ಮಕ್ಕಳು ಅತ್ಯಂತ ಆಸೆಯಿಂದ ಓದುವುದು ಆ ಡಬ್ಬಿಯನ್ನೇ.

ಎಫ್‌ಎ, ಎಸ್‌ಎ, ಸ್ಯಾಟ್ಸ್

ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಎಫ್‌ಎ), ಎರಡು ಸಂಕಲನಾತ್ಮಕ (ಎಸ್‌ಎ) ಮೌಲ್ಯಮಾಪನ. ಇದಕ್ಕೆ ಬೇರೆ ಡೇಟಾ ಸೃಷ್ಟಿ ಮಾಡಬೇಡಿ. ನೋಟ್‌ಬುಕ್‌ನಿಂದಲೇ ತುಂಬಿ. ರೂಪಣಾತ್ಮಕದ ಉದ್ದೇಶವೇ ಕಲಿಯುವಾಗ ನೋಡುವುದು. ಆನ್‌ಲೈನ್‌ಗೆ (ಮಕ್ಕಳ ವಿವರ ತುಂಬುವ ಸರ್ಕಾರದ ಸ್ಯಾಟ್ಸ್ ತಾಣಕ್ಕೆ) ಹೋಗುವುದು ಗ್ರೇಡ್ ಮಾತ್ರ. 'ಬಿ ಪ್ಲಸ್' ಹಿಂದೆ ಏನಿದೆ ಅನ್ನುವುದು ನಿಮ್ಮ ಪುಟದಲ್ಲಿ ಇರಲಿ. ಯಾರಾದರೂ ಅಧಿಕಾರಿ ಬಂದು 'ಪ್ರಗತಿ ಎಲ್ಲಿ' ಅಂದರೆ ಆ ಪುಟವನ್ನೇ ತೆಗೆದು ತೋರಿಸಿ. ನಾನು ತೋರಿಸಿದ್ದೇನೆ. ಒಬ್ಬರು ನಿಂತೇ ಎಂಟು ಮಕ್ಕಳದು ಓದಿದರು, ಇನ್ನೊಬ್ಬರು ಪ್ರಿಂಟ್ ಔಟ್ ಇಲ್ವಾ ಅಂದರು.

ಅಪ್ಪ ಅಮ್ಮನಿಗೆ ಏನು ಹೇಳುವುದು

ಸಭೆಯಲ್ಲಿ ಎಲ್ಲರ ಮುಂದೆ ಪಟ್ಟಿ ಓದಬೇಡಿ. ಒಬ್ಬೊಬ್ಬರಿಗೂ ಎರಡು ನಿಮಿಷ. ಜೂನ್‌ನಲ್ಲಿ ಮಗು ಬರೆದ ಹಾಳೆ, ನವೆಂಬರ್‌ನಲ್ಲಿ ಬರೆದ ಹಾಳೆ, ಎರಡನ್ನೂ ಪಕ್ಕ ಪಕ್ಕ ಇಡಿ. ಓದು ಬಾರದ ತಾಯಿಗೂ ವ್ಯತ್ಯಾಸ ಕಾಣುತ್ತದೆ. ಮನೆಗೆ ಒಂದೇ ಕೆಲಸ ಹೇಳಿ, ಅದೂ ಮಾಡಲು ಆಗುವಂಥದ್ದು: 'ರಾತ್ರಿ ಊಟ ಆದಮೇಲೆ ಐದು ನಿಮಿಷ ಓದಿಸಿಕೊಳ್ಳಿ, ನೀವು ಸುಮ್ನೆ ಕೇಳಿಸಿಕೊಂಡರೆ ಸಾಕು.' ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿ ಕೇಳಿದರೆ ಆ ಪುಟ ತೆರೆಯಬೇಡಿ. ಅದು ಆ ಮಗುವಿನದ್ದು.

ಮಾರ್ಚ್‌ನಲ್ಲಿ ಒಂದು ಕೊನೆಯ ಕೆಲಸ

ಪ್ರತಿ ಮಗುವಿನ ಎರಡನೇ ಪುಟದ ಕೆಳಗೆ ಮೂರು ಸಾಲು ಬರೆಯಿರಿ. ಏನು ತಾನೇ ಮಾಡುತ್ತದೆ, ಈಗ ಎಲ್ಲಿ ನಿಂತಿದೆ, ಯಾವ ದಾರಿಯಲ್ಲಿ ಹೇಳಿಕೊಟ್ಟರೆ ಬೇಗ ಹಿಡಿಯುತ್ತದೆ. ಐದು ಮುಗಿಸಿದ ನನ್ನ ಮಕ್ಕಳು ಎರಡು ಕಿಲೋಮೀಟರ್ ಆಚೆಯ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ವರ್ಗಾವಣೆ ಪತ್ರದ ಜೊತೆ ಆ ಮೂರು ಸಾಲನ್ನು ಒಂದು ಹಾಳೆಯಲ್ಲಿ ಬರೆದು, ಮಡಚಿ, ಅಲ್ಲಿನ ಆರನೇ ಕ್ಲಾಸಿನ ಟೀಚರ್ ಕೈಗೇ ಕೊಟ್ಟು ಬರುತ್ತೇನೆ. ಕಳೆದ ಸಲ ಕೊಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಆ ಅರ್ಕಾವೊತ್ತಿನ ಹುಡುಗಿ ಈಗ ಹೇಗೆ ಓದ್ತಾಳೆ ಸಾರ್?'